ಪರಾಗ ಬೇಡದ ಹೂವಿನ ಪರಾಗ

ಡೆನ್ಮಾರ್ಕಿನ ಸಸ್ಯವಿಜ್ಞಾನಿ ಕ್ರಿಸ್ಟೆನ್ ರೌನ್ಕಿಯರ್ 1903ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಅದಕ್ಕೆ ದೊಡ್ಡ ಸಲಕರಣೆ ಏನೂ ಬೇಕಿರಲಿಲ್ಲ. ಡ್ಯಾಂಡೆಲಿಯನ್ ಗಿಡದ ಇನ್ನೂ ಅರಳದ ಮೊಗ್ಗನ್ನು ಹರಿತವಾದ ಅಲಗಿನಿಂದ ಅಡ್ಡಡ್ಡ ಕೊಯ್ದು ಮೇಲಿನ ಅರ್ಧವನ್ನು ಎಸೆದುಬಿಡುವುದು, ಅಷ್ಟೇ. ಆ ಅರ್ಧದ ಜೊತೆ ಪರಾಗ ತಯಾರಿಸುವ ಕೇಸರಗಳೂ ಹೋದವು, ಪರಾಗ ಬಂದು ಕೂರಬೇಕಾದ ಶಲಾಕಾಗ್ರಗಳೂ ಹೋದವು. ಉಳಿದದ್ದು ಬುಡದಲ್ಲಿರುವ ಅಂಡಾಶಯಗಳು ಮಾತ್ರ. ಶಾಲೆಯಲ್ಲಿ ಕಲಿತ ಪಾಠದ ಪ್ರಕಾರ ಇಂಥ ಮೊಗ್ಗು ಒಣಗಿ ಉದುರಬೇಕು. ಉದುರಲಿಲ್ಲ. ಕೆಲವೇ ದಿನಗಳಲ್ಲಿ ಅದು ಬೀಜ ಕಟ್ಟಿತು. ಬಿತ್ತಿದರೆ ಬೀಜ ಮೊಳೆಯಿತು.

ಯುರೋಪ್, ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಗಿಡದ ಪರಿಚಯ ಹೇಳಬೇಕಾಗಿಲ್ಲ. ಮನೆ ಮುಂದಿನ ಹುಲ್ಲುಹಾಸಿನಲ್ಲಿ ವಸಂತ ಬಂತೆಂದರೆ ಹಳದಿ ಹೂ ಬಿಟ್ಟು, ಎಷ್ಟು ಕಿತ್ತರೂ ಬೇರಿನಿಂದ ಮತ್ತೆ ಚಿಗುರಿ ಗೋಳು ಹುಯ್ದುಕೊಳ್ಳುವುದು ಇದೇ. ಸೂರ್ಯಕಾಂತಿಯ ಕುಟುಂಬದ್ದು. ಹಾಗಾಗಿ ನಾವು ಒಂದು ಹೂವೆಂದು ಕಾಣುವುದು ನಿಜಕ್ಕೂ ನೂರಾರು ಪುಟ್ಟ ಹೂಗಳ ಗೊಂಚಲು. ಒಂದೊಂದು ಪುಟ್ಟ ಹೂವಿಗೂ ಒಂದೊಂದು ಬೀಜ, ಪ್ರತಿ ಬೀಜಕ್ಕೂ ಎಕ್ಕದ ಬೀಜಕ್ಕಿರುವಂಥ ಬಿಳಿ ಕುಚ್ಚು. ಊದಿದರೆ ಹಾರಿಹೋಗುತ್ತದೆ.

ರೌನ್ಕಿಯರ್ ಕೊಯ್ದದ್ದು ಉತ್ತರ ಯುರೋಪಿನ ಗಿಡವನ್ನು. ಅದೇ ಅಲಗನ್ನು ಹಿಡಿದುಕೊಂಡು ಫ್ರಾನ್ಸಿನ ದಕ್ಷಿಣಕ್ಕೋ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲಿಗೋ ಹೋಗಿದ್ದರೆ ಫಲಿತಾಂಶ ಒಂದೇ ಥರ ಇರುತ್ತಿರಲಿಲ್ಲ. ಅಲ್ಲಿನ ಕೆಲವು ಗಿಡಗಳು ಬೀಜ ಕಟ್ಟುತ್ತಿದ್ದವು, ಪಕ್ಕದಲ್ಲೇ ನಿಂತ ಇನ್ನು ಕೆಲವು ಒಣಗುತ್ತಿದ್ದವು. ಎಲೆ, ಹೂ, ಎತ್ತರ ಎಲ್ಲ ಒಂದೇ. ಸಾಮಾನ್ಯ ಕೈಪಿಡಿಗಳಲ್ಲಿ ಎರಡಕ್ಕೂ ಇರುವ ಹೆಸರು ಒಂದೇ, ಟರಾಕ್ಸಕಮ್ ಅಫಿಷಿನೇಲ್. ಆದರೆ ಒಂದಕ್ಕೆ ಸಂತಾನಕ್ಕಾಗಿ ಸಂಗಾತಿ ಬೇಕೇ ಬೇಕು, ಇನ್ನೊಂದಕ್ಕೆ ಯಾರೂ ಬೇಡ. ಮೊದಲನೆಯದನ್ನು ಲೈಂಗಿಕ ಗಿಡ ಎನ್ನೋಣ, ಎರಡನೆಯದನ್ನು ಅಲೈಂಗಿಕ ಗಿಡ. ಬೀಜದ ಮೂಲಕವೇ ನಡೆಯುವ ಈ ಅಲೈಂಗಿಕ ಸಂತಾನಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಅಪೊಮಿಕ್ಸಿಸ್.

ಇದು ಕಬ್ಬಿನ ತುಂಡು ನೆಟ್ಟಂತೆ ಅಲ್ಲ, ಗಮನಿಸಿ. ಇಲ್ಲಿ ಹೂ ಇದೆ, ಬೀಜ ಇದೆ, ಬೀಜದೊಳಗೆ ಭ್ರೂಣವೂ ಇದೆ. ಅಪ್ಪ ಮಾತ್ರ ಇಲ್ಲ. ಇಂಥದ್ದು ನಮ್ಮ ಕಡೆ ಇಲ್ಲವೆಂದೂ ತಿಳಿಯಬೇಕಾಗಿಲ್ಲ. ಪಶ್ಚಿಮ ಕರಾವಳಿಯ ಬಪ್ಪಕಾಯಿ, ಒಳೂರಿನಂಥ ಮಾವಿನ ತಳಿಗಳ ಒಂದು ಓಟೆ ನೆಟ್ಟರೆ ಮೂರು ನಾಲ್ಕು ಸಸಿ ಏಳುವುದುಂಟು. ಅವುಗಳಲ್ಲಿ ಬಹುಪಾಲು ತಾಯಿಮರದ ಅಂಗಾಂಶದಿಂದಲೇ ಹುಟ್ಟಿದವು, ಪರಾಗದ ಪಾಲು ಅವುಗಳಲ್ಲಿ ಇಲ್ಲ. ಬಯಲುಸೀಮೆಯ ಬಾದಾಮಿ (ಆಪೂಸು) ಮಾವಿನ ಓಟೆಯಿಂದ ಒಂದೇ ಸಸಿ, ಅದೂ ತಾಯಿಯಂತಿರುತ್ತದೆ ಎಂಬ ಖಾತ್ರಿ ಇಲ್ಲ. ಅದಕ್ಕೇ ಕಸಿ ಕಟ್ಟುವುದು. ಆದರೆ ಮಾವಿನಲ್ಲಿ ಈ ಎರಡು ಬಗೆಯ ಮರಗಳ ನಡುವೆ ಕೂಡಾಟಕ್ಕೆ ದೊಡ್ಡ ಅಡ್ಡಿ ಏನಿಲ್ಲ. ಡ್ಯಾಂಡೆಲಿಯನ್ ಕತೆ ಬೇರೆ. ಅಲ್ಲಿ ಒಂದೇ ಜಾತಿಯ ಎರಡು ಗುಂಪುಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತೂ ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಉಳಿದಿವೆ. ತಡೆ ಎಲ್ಲಿದೆ ಎಂಬುದೇ ಪ್ರಶ್ನೆ.

ಮೊದಲ ಸುಳಿವು ಎಣಿಕೆಯಲ್ಲಿದೆ. ಲೈಂಗಿಕ ಡ್ಯಾಂಡೆಲಿಯನ್‌ನ ಜೀವಕೋಶದಲ್ಲಿ 16 ವರ್ಣತಂತುಗಳು, ಅಂದರೆ ಎಂಟೆಂಟರ ಎರಡು ಕಟ್ಟು. ಅಲೈಂಗಿಕ ಗಿಡದಲ್ಲಿ ಸಾಮಾನ್ಯವಾಗಿ 24, ಎಂಟರ ಮೂರು ಕಟ್ಟು. ಎರಡು ಕಟ್ಟಿದ್ದರೆ ಅಂಡಕ್ಕೊಂದು, ಪರಾಗಕ್ಕೊಂದು ಎಂದು ಸಮನಾಗಿ ಹಂಚಬಹುದು. ಮೂರು ಕಟ್ಟನ್ನು ಇಬ್ಬರಿಗೆ ಸಮಪಾಲು ಮಾಡಲು ಬರುವುದಿಲ್ಲ. ಹಾಗಾಗಿ ಅಲೈಂಗಿಕ ಗಿಡ ಅಂಡದ ವಿಷಯದಲ್ಲಿ ಹಂಚಿಕೆಯನ್ನೇ ಕೈಬಿಟ್ಟಿದೆ. ಅದರ ಅಂಡದಲ್ಲಿ ಪೂರ್ತಿ 24 ವರ್ಣತಂತುಗಳೂ ಉಳಿದುಕೊಳ್ಳುತ್ತವೆ. ಆ ಅಂಡ ಯಾರಿಗೂ ಕಾಯದೆ ತಾನೇ ಭ್ರೂಣವಾಗಲು ಹೊರಡುತ್ತದೆ. ಭ್ರೂಣಕ್ಕೆ ಊಟ ಒದಗಿಸುವ ಭ್ರೂಣಾಹಾರವೂ ಪರಾಗದ ನೆರವಿಲ್ಲದೆ ಬೆಳೆಯುತ್ತದೆ. ಹುಟ್ಟುವ ಸಸಿ ತಾಯಿಯ ತದ್ರೂಪಿ.

ಸೋಜಿಗ ಇರುವುದು ಇದರ ಮುಂದೆ. ಪರಾಗ ಬೇಡವೆಂದ ಮೇಲೆ ಪರಾಗ ತಯಾರಿಸುವುದನ್ನೂ ಬಿಡಬೇಕಿತ್ತಲ್ಲ? ಕೆಲವು ಅಲೈಂಗಿಕ ಡ್ಯಾಂಡೆಲಿಯನ್‌ಗಳು ಬಿಟ್ಟೂ ಇವೆ, ಅವುಗಳ ಕೇಸರ ಬರಿದು. ಬಹಳಷ್ಟು ಬಿಟ್ಟಿಲ್ಲ. ಆ ಪರಾಗವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಿಡದ ಗುಟ್ಟು ರಟ್ಟಾಗುತ್ತದೆ. ಲೈಂಗಿಕ ಗಿಡದ ಪರಾಗಕಣಗಳು ಒಂದೇ ಅಳತೆಯವು. ಅಲೈಂಗಿಕ ಗಿಡದ ಕಣಗಳಲ್ಲಿ ದೊಡ್ಡವು, ಸಣ್ಣವು, ಸೊರಗಿದವು, ಖಾಲಿ ಚಿಪ್ಪುಗಳು ಎಲ್ಲ ಬೆರೆತಿರುತ್ತವೆ. ಅಂಡ ಬಿಟ್ಟುಕೊಟ್ಟ ಹಂಚಿಕೆಯನ್ನು ಪರಾಗ ಇನ್ನೂ ಬಿಟ್ಟಿಲ್ಲ, ಮೂರು ಕಟ್ಟನ್ನು ಎರಡು ಪಾಲು ಮಾಡಲು ಹೋಗಿ ಎಡವಟ್ಟು ಮಾಡಿಕೊಂಡಿದೆ. ಒಂದು ಕಣಕ್ಕೆ 8 ವರ್ಣತಂತು, ಇನ್ನೊಂದಕ್ಕೆ 11, ಮತ್ತೊಂದಕ್ಕೆ 13, ಅಪರೂಪಕ್ಕೆ 16. ಹೊಲದಲ್ಲಿ ನಿಂತ ಗಿಡ ಯಾವ ಗುಂಪಿನದು ಎಂದು ತಿಳಿಯಲು ಸಂಶೋಧಕರು ಬಹುಕಾಲ ನೆಚ್ಚಿಕೊಂಡಿದ್ದು ಈ ಅಂಕುಡೊಂಕು ಪರಾಗವನ್ನೇ.

ಈಗ ಜೇನುನೊಣ ಬರಲಿ. ಅದಕ್ಕೆ 16, 24ರ ಲೆಕ್ಕ ತಿಳಿಯದು. ಎರಡೂ ಗುಂಪಿನ ಹೂಗಳ ಮೇಲೆ ಕೂತು ಎದ್ದು ಹೋಗುತ್ತದೆ. ಲೈಂಗಿಕ ಗಿಡದ ಪರಾಗ ಅಲೈಂಗಿಕ ಗಿಡದ ಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಅಲ್ಲಿ ಅಂಡಕ್ಕೆ ಅಪ್ಪನ ಅಗತ್ಯವಿಲ್ಲ, ಎಷ್ಟೋ ಬಾರಿ ಹೂ ಅರಳುವ ಹೊತ್ತಿಗೆ ಭ್ರೂಣ ಬೆಳೆಯಲು ಶುರುವಾಗಿಯೂ ಇರುತ್ತದೆ. ಆ ದಿಕ್ಕಿನ ಬಾಗಿಲು ಮುಚ್ಚಿದ್ದು, ಅಲ್ಲಿಗೆ ಮುಗಿಯಿತು.

ಇನ್ನೊಂದು ದಿಕ್ಕು ಅಷ್ಟು ಸಲೀಸಲ್ಲ. ಅಲೈಂಗಿಕ ಗಿಡದ ಪರಾಗ ಲೈಂಗಿಕ ಗಿಡದ ಶಲಾಕಾಗ್ರದ ಮೇಲೆ ಬಿತ್ತು ಎನ್ನಿ. ಬಹುತೇಕ ಕಣಗಳು ಅಲ್ಲಿಯೇ ಸೋಲುತ್ತವೆ, ವರ್ಣತಂತುಗಳ ಲೆಕ್ಕ ಕೆಟ್ಟ ಕಣಕ್ಕೆ ಅಂಡದವರೆಗೆ ಹೋಗುವ ತ್ರಾಣ ಇರುವುದಿಲ್ಲ. ಹೋದರೂ ಬೀಜ ಉಳಿಯುವುದು ಕಷ್ಟ. ಹೂ ಬಿಡುವ ಗಿಡಗಳಲ್ಲಿ ಒಂದು ಕಟ್ಟಳೆ ಇದೆ: ಭ್ರೂಣಾಹಾರದಲ್ಲಿ ತಾಯಿಯ ಎರಡು ಪಾಲಿಗೆ ತಂದೆಯದು ಒಂದೇ ಪಾಲು ಇರಬೇಕು. ತಂದೆಯ ಕಡೆಯಿಂದ ಒಂದು ಕಟ್ಟು ಹೆಚ್ಚಾಗಿ ಬಂದರೆ ಭ್ರೂಣಾಹಾರ ಹದ ತಪ್ಪುತ್ತದೆ, ಬೀಜ ಜೊಳ್ಳಾಗುತ್ತದೆ. ಭತ್ತ, ಮೆಕ್ಕೆಜೋಳದಂಥ ಬೆಳೆಗಳಲ್ಲಿ ಈ ಕಟ್ಟಳೆ ಬಿಗಿ. ಡ್ಯಾಂಡೆಲಿಯನ್‌ನಲ್ಲಿ ಸ್ವಲ್ಪ ಸಡಿಲ, ಆದರೂ ಬೀಜದ ಇಳುವರಿ ಬಹಳವೇ ಇಳಿಯುತ್ತದೆ.

ಇವೆಲ್ಲಕ್ಕಿಂತ ವಿಚಿತ್ರವಾದ ತಡೆ ಇನ್ನೊಂದಿದೆ. ನನಗಂತೂ ಇಡೀ ಪ್ರಕರಣದಲ್ಲಿ ಅತ್ಯಂತ ಕುತೂಹಲದ ಭಾಗ ಇದೇ. ಲೈಂಗಿಕ ಡ್ಯಾಂಡೆಲಿಯನ್ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಸ್ವಂತ ಪರಾಗ ಬಿದ್ದರೆ ಗುರುತು ಹಿಡಿದು ತಡೆದುಬಿಡುತ್ತದೆ, ಬೇರೆ ಗಿಡದ್ದೇ ಬೇಕು. ಆದರೆ ಅಲೈಂಗಿಕ ಗಿಡದ ಕೆಲಸಕ್ಕೆ ಬಾರದ ಪರಾಗ ಜೊತೆಗೆ ಬಿದ್ದಾಗ ಆ ಕಾವಲು ತಪ್ಪುತ್ತದೆ. ಪರಕೀಯ ಕಣಗಳ ಗದ್ದಲದಲ್ಲಿ ಸ್ವಂತ ಪರಾಗವೂ ಒಳನುಸುಳಿ ಅಂಡವನ್ನು ಮುಟ್ಟುತ್ತದೆ. ನೆದರ್ಲೆಂಡ್ಸ್‌ನಲ್ಲಿ ಪೀಟರ್ ವಾನ್ ಡೈಕ್ ಮತ್ತು ಸಂಗಡಿಗರು 16ರ ಗಿಡಗಳಿಗೆ 24ರ ಪರಾಗ ಹಚ್ಚಿ 1990ರ ದಶಕದಲ್ಲಿ ಪ್ರಯೋಗ ನಡೆಸಿದಾಗ, ಸಿಕ್ಕ ಸಸಿಗಳಲ್ಲಿ ಎಷ್ಟೋ ಸಸಿಗಳಿಗೆ ಹಚ್ಚಿದ ಪರಾಗಕ್ಕೂ ತಮಗೂ ಸಂಬಂಧವೇ ಇರಲಿಲ್ಲ, ತಾಯಿಯೇ ತಂದೆಯೂ ಆಗಿತ್ತು. ಅಂದರೆ ಹೊರಗಿನ ಪರಾಗ ಮಿಶ್ರಸಂತಾನ ಕೊಡುವ ಬದಲು ಗಿಡವನ್ನು ಸ್ವಸಂತಾನಕ್ಕೆ ದೂಡಿತು. ಎರಡು ಗುಂಪುಗಳ ರಕ್ತ ಬೆರೆಯದಂತೆ ಇದೂ ಒಂದು ಕಾವಲೇ ಸರಿ. ಆದರೆ ಬೆಲೆ ತೆರುವುದು ಲೈಂಗಿಕ ಗಿಡ: ಅಂಥ ಸ್ವಸಂತಾನದ ಸಸಿಗಳು ಸಾಮಾನ್ಯವಾಗಿ ಸೊರಗಿರುತ್ತವೆ.

ಇಷ್ಟೆಲ್ಲ ಕಾವಲು ದಾಟಿ ಬರುವ ಸಸಿಗಳೂ ಇವೆ. ಅವು ಬೆರಳೆಣಿಕೆಯವಾದರೂ ಕತೆಯ ತಿರುವು ಅವುಗಳ ಕೈಯಲ್ಲಿದೆ. ಅಲೈಂಗಿಕ ಗಿಡ ಅಪರೂಪಕ್ಕೆ 16 ವರ್ಣತಂತುಗಳ ಪರಾಗಕಣ ಕೊಡುತ್ತದೆ ಎಂದೆನಲ್ಲ, ಅದು ಲೈಂಗಿಕ ತಾಯಿಯ ಎಂಟರ ಅಂಡವನ್ನು ಸೇರಿದರೆ 24. ಹಾಗೆ ಹುಟ್ಟಿದ ಮಕ್ಕಳಲ್ಲಿ ಕೆಲವಕ್ಕೆ ತಂದೆಯ ಗುಣ ಪೂರ್ತಿ ಬಂದಿರುತ್ತದೆ. ತಾಯಿ ಲೈಂಗಿಕ, ಮಗಳು ಅಲೈಂಗಿಕ. ಮಗಳಿಂದ ಮುಂದೆ ಎಲ್ಲವೂ ಅವಳದೇ ತದ್ರೂಪು. ಅಪ್ಪ ಬೇಡ ಎಂಬ ಗುಣ ಅಪ್ಪನಿಂದಲೇ ಬರುತ್ತದೆ! ಅಲೈಂಗಿಕತೆ ಸೋಂಕಿನಂತೆ ಹರಡುತ್ತದೆ ಎಂದು ಜೀವವಿಜ್ಞಾನಿಗಳು ಹೇಳುವುದು ಇದನ್ನೇ. ಯುರೋಪಿನ ಸಾವಿರಾರು ಡ್ಯಾಂಡೆಲಿಯನ್ ವಂಶಗಳು ಹೀಗೆ, ಲೈಂಗಿಕ ತಾಯಿಯ ಹೊಸ ಗುಣಗಳನ್ನು ಹೊತ್ತುಕೊಂಡು ಮತ್ತೆ ಮತ್ತೆ ಹುಟ್ಟಿವೆ. ತಡೆ ಇದ್ದದ್ದು ನಿಜ, ಅದರ ಸೋರಿಕೆ ಮಾತ್ರ ಬಹುಮಟ್ಟಿಗೆ ಒಂದೇ ಕಡೆಗೆ.

ಹಾಗಿದ್ದರೆ ಲೈಂಗಿಕ ಗಿಡಗಳು ಯಾವಾಗಲೋ ನಿರ್ನಾಮವಾಗಬೇಕಿತ್ತು. ಲೆಕ್ಕ ನೋಡಿ: ಅಲೈಂಗಿಕ ಗಿಡ ತನ್ನ ಬೀಜಗಳಿಗೆಲ್ಲ ತನ್ನ ಜೀನುಗಳನ್ನು ಪೂರ್ತಿ ದಾಟಿಸುತ್ತದೆ, ಮೇಲಿನಿಂದ ಪರಾಗದ ಮೂಲಕ ನೆರೆಯವರ ಬೀಜಗಳಲ್ಲೂ ಪಾಲು ಪಡೆಯುತ್ತದೆ. ಹೀಗೆ ಎರಡೂ ಕೈಯಲ್ಲಿ ಬಾಚುವವರ ಎದುರು ನ್ಯಾಯವಾಗಿ ಅರ್ಧರ್ಧ ಹಂಚುವವರು ಎಷ್ಟು ದಿನ ತಾಳಿಯಾರು? ತಾಳಿದ್ದಕ್ಕೆ ಒಂದು ಕಾರಣ ಅದೇ ವರ್ಣತಂತುಗಳ ಲೆಕ್ಕದಲ್ಲಿದೆ. ಡಚ್ ಪ್ರಯೋಗಗಳಲ್ಲಿ ಹುಟ್ಟಿದ 16ರ ಸಸಿಗಳಲ್ಲಿ ಅಲೈಂಗಿಕ ಗುಣ ಕಾಣಲಿಲ್ಲ. ಎಂಟೇ ವರ್ಣತಂತುಗಳ ಪರಾಗದಲ್ಲಿ ಆ ಗುಣ ದಾಟಿ ಬರುತ್ತಿಲ್ಲ. ತಲೆತಲಾಂತರ ಶುದ್ಧೀಕರಣವಿಲ್ಲದೆ ಅದರ ಅಕ್ಕಪಕ್ಕ ಕೂಡಿಕೊಂಡ ಕೆಟ್ಟ ಜೀನುಗಳು ಒಂಟಿ ಕಟ್ಟಿನ ಕಣವನ್ನು ಕೊಲ್ಲುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಎಂದಮೇಲೆ ಸೋಂಕು ತಗುಲಿದ ಮಗಳು 24ರ ಗುಂಪಿಗೆ ಸೇರುತ್ತಾಳೆಯೇ ಹೊರತು ತಾಯಿಯ ಗುಂಪನ್ನು ಒಳಗಿಂದ ಕೆಡಿಸುವುದಿಲ್ಲ.

ಆದರೂ ಒತ್ತಡ ಒತ್ತಡವೇ. ನೂರು ಅಲೈಂಗಿಕ ಗಿಡಗಳ ನಡುವೆ ಸಿಕ್ಕಿಬಿದ್ದ ಒಂದು ಲೈಂಗಿಕ ಗಿಡಕ್ಕೆ ಬರುವುದೆಲ್ಲ ಪೊಳ್ಳು ಪರಾಗ, ಕಟ್ಟುವುದೆಲ್ಲ ಜೊಳ್ಳು ಬೀಜ. ಅಲ್ಪಸಂಖ್ಯಾತ ಗುಂಪು ಹೀಗೆ ಇನ್ನಷ್ಟು ಅಲ್ಪವಾಗುತ್ತದೆ. ಜಪಾನಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿನ ಸ್ಥಳೀಯ ಡ್ಯಾಂಡೆಲಿಯನ್‌ಗಳಲ್ಲಿ ಹಲವು ಲೈಂಗಿಕ, ಯುರೋಪಿನಿಂದ ಬಂದ ಅಲೈಂಗಿಕ ಡ್ಯಾಂಡೆಲಿಯನ್ ಊರುಕೇರಿಗಳನ್ನು ಆವರಿಸಿದೆ. ಕನ್ಸಾಯ್ ಪ್ರದೇಶದಲ್ಲಿ ಅಧ್ಯಯನ ಮಾಡಿದವರು ಕಂಡದ್ದು, ಸುತ್ತ ವಿದೇಶಿ ಹೂಗಳು ಹೆಚ್ಚಿದಷ್ಟೂ ಸ್ಥಳೀಯ ಗಿಡದಲ್ಲಿ ಬೀಜ ಕಡಿಮೆ. ವಿದೇಶಿ ಹೂಗಳನ್ನು ಕಿತ್ತುಹಾಕಿದರೆ ಬೀಜ ಮತ್ತೆ ಹೆಚ್ಚುತ್ತದೆ. ನೀರಿಗೋ ಬಿಸಿಲಿಗೋ ಪೈಪೋಟಿ ನಡೆಸದೆ, ಬರೀ ಪರಾಗದಿಂದಲೇ ಒಂದು ಗಿಡ ಇನ್ನೊಂದನ್ನು ಹಿಂದಕ್ಕೆ ತಳ್ಳಬಲ್ಲದು. ಅಲ್ಲಿನವು ಬೇರೆ ಪ್ರಭೇದಗಳು ಎಂದು ಕೈಪಿಡಿ ಹೇಳುತ್ತದೆ. ಹಾಗಿದ್ದೂ ಜಪಾನಿನ ನಗರಗಳಲ್ಲಿ ಇಂದು ವಿದೇಶಿ ಎಂದು ಕಾಣುವ ಡ್ಯಾಂಡೆಲಿಯನ್‌ಗಳಲ್ಲಿ ಬಹಳಷ್ಟು ಸ್ಥಳೀಯ ತಾಯಿಯಿಂದ ಹುಟ್ಟಿದ ಮಿಶ್ರತಳಿಗಳು.

ತಡೆಯ ಪರಿಣಾಮ ಭೂಪಟದಲ್ಲೂ ಕಾಣುತ್ತದೆ. ಯುರೋಪಿನಲ್ಲಿ ಲೈಂಗಿಕ ಡ್ಯಾಂಡೆಲಿಯನ್‌ಗಳು ದಕ್ಷಿಣ ಮತ್ತು ಮಧ್ಯಭಾಗಕ್ಕೆ ಸೀಮಿತ, ಉತ್ತರಕ್ಕೆ ಹೋದಂತೆ ಬರೀ ಅಲೈಂಗಿಕ. ಆಲ್ಪ್ಸ್ ಪರ್ವತದ ರನನ್‌ಕ್ಯುಲಸ್ ಕುಪ್ಫೆರಿ ಎಂಬ ಬಿಳಿ ಹೂವಿನ ಗಿಡದ್ದೂ ಅದೇ ಪಾಡು. ಎರಡು ಕಟ್ಟಿನ ಲೈಂಗಿಕ ಗಿಡಗಳು ನೈರುತ್ಯ ಆಲ್ಪ್ಸ್‌ನ ಒಂದು ಮೂಲೆಯಲ್ಲಿವೆ. ನಾಲ್ಕು ಕಟ್ಟಿನ ಅಲೈಂಗಿಕ ಗಿಡಗಳು ಹಿಮಯುಗ ಕಳೆದ ಮೇಲೆ ತೆರವಾದ ಪರ್ವತಶ್ರೇಣಿಯ ಉದ್ದಕ್ಕೂ ಹರಡಿವೆ. ಹೊಸ ನೆಲಕ್ಕೆ ಹಾರಿದ ಒಂದೇ ಒಂದು ಅಲೈಂಗಿಕ ಬೀಜ ಸಂಸಾರ ಹೂಡಬಲ್ಲದು, ಲೈಂಗಿಕ ಗಿಡಕ್ಕೆ ಜೊತೆಗೊಂದು ಬೇಕು. ಫ್ರಾನ್ಸಿನ ಆಲ್ಬರ್ ವಾಂಡೆಲ್ 1928ರಲ್ಲೇ ಈ ವಿನ್ಯಾಸವನ್ನು ಗುರುತಿಸಿದ್ದರು, ಅವರು ನೋಡಿದ್ದು ಪ್ರಾಣಿಗಳನ್ನು. ಉತ್ತರ ಅಮೆರಿಕದ ಹುಲ್ಲುಹಾಸುಗಳನ್ನು ಕಾಡುವ ಸಾಮಾನ್ಯ ಡ್ಯಾಂಡೆಲಿಯನ್ ಹೆಚ್ಚುಕಡಿಮೆ ಪೂರ್ತಿ ಅಲೈಂಗಿಕ.

ಈ ತಡೆಗೆ ತಿಳಿಯದೆ ತಲೆ ಚಚ್ಚಿಕೊಂಡವರಲ್ಲಿ ಎಲ್ಲರಿಗಿಂತ ಪ್ರಸಿದ್ಧರು ಗ್ರೆಗರ್ ಮೆಂಡೆಲ್. ಬಟಾಣಿಯಲ್ಲಿ ಕಂಡ ನಿಯಮಗಳು ಬೇರೆ ಗಿಡಗಳಿಗೂ ಅನ್ವಯಿಸುತ್ತವೆಯೇ ಎಂದು ನೋಡಲು ಅವರು ಆರಿಸಿಕೊಂಡ ಗಿಡಗಳಲ್ಲಿ ಹೈರೇಸಿಯಮ್ ಒಂದು, ಡ್ಯಾಂಡೆಲಿಯನ್‌ನ ಹತ್ತಿರದ ಬಂಧು. ಮ್ಯೂನಿಕ್‌ನ ಪ್ರೊಫೆಸರ್ ಕಾರ್ಲ್ ನೇಗೆಲಿ ಈ ಗಿಡವನ್ನು ಅಂಟಿಸಿ ಪಾಪದ ಪಾದ್ರಿಯ ದಾರಿ ತಪ್ಪಿಸಿದರು ಎಂಬ ಕತೆ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ಬಂದಿದೆ. ಆದರೆ ಆ ಕತೆ ಸರಿಯಲ್ಲ. ನೇಗೆಲಿಗೆ ಬರೆದ ಮೊದಲ ಪತ್ರದಲ್ಲೇ, ಅಂದರೆ 1866ರ ಕೊನೆಯಲ್ಲೇ, ಮೆಂಡೆಲ್ ತಾವಾಗಿ ಹೈರೇಸಿಯಮ್ ಹೆಸರು ಎತ್ತಿದ್ದರು. ಹೂಗಳು ತೀರಾ ಸಣ್ಣವು. ಕನ್ನಡಿ, ಮಸೂರ ಇಟ್ಟುಕೊಂಡು ಒಂದೊಂದೇ ಪುಟ್ಟ ಹೂವಿನ ಕೇಸರ ತೆಗೆಯುವ ಕೆಲಸದಲ್ಲಿ 1869ರಲ್ಲಿ ಅವರ ಕಣ್ಣುಗಳೇ ಬಳಲಿಹೋದವು. ಕಷ್ಟಪಟ್ಟು ಪಡೆದ ಕೆಲವೇ ಮಿಶ್ರತಳಿಗಳು ಬಟಾಣಿಗೆ ತದ್ವಿರುದ್ಧವಾಗಿ ವರ್ತಿಸಿದವು. ಮೊದಲ ಪೀಳಿಗೆಯಲ್ಲೇ ಒಂದೊಂದು ಸಸಿ ಒಂದೊಂದು ಥರ, ಮುಂದಿನ ಪೀಳಿಗೆಗಳಲ್ಲಿ ಒಂದಿಷ್ಟೂ ಬದಲಾವಣೆ ಇಲ್ಲ. ಬಟಾಣಿಯ ಮೂರಕ್ಕೊಂದರ ಅನುಪಾತ ಕಾಣುವ ಮಾತೇ ಇರಲಿಲ್ಲ. ಮಿಶ್ರತಳಿಗಳು ಅಲೈಂಗಿಕವಾಗಿ ಬೀಜ ಕಟ್ಟುತ್ತಿದ್ದವು ಎಂಬುದು ಮೆಂಡೆಲ್‌ಗೆ ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ. ರೌನ್ಕಿಯರ್ ಮತ್ತು ಅವರ ಸಹೋದ್ಯೋಗಿ ಓಸ್ಟೆನ್‌ಫೆಲ್ಡ್ ಹೈರೇಸಿಯಮ್ ಮೊಗ್ಗಿಗೂ ಅಲಗು ಹಾಕುವ ಹೊತ್ತಿಗೆ ಮೆಂಡೆಲ್ ತೀರಿಕೊಂಡು ಸುಮಾರು ಇಪ್ಪತ್ತು ವರ್ಷವಾಗಿತ್ತು.

ಮೆಂಡೆಲ್ ಸೋತ ಕಡೆ ತಳಿ ಅಭಿವೃದ್ಧಿಗಾರರು ಗೆದ್ದದ್ದು ಗಿನಿ ಹುಲ್ಲಿನಲ್ಲಿ. ಕರ್ನಾಟಕದಲ್ಲಿ ಹೈನುಗಾರಿಕೆ ಮಾಡುವ ಎಷ್ಟೋ ಮನೆಗಳ ಹಿತ್ತಿಲಲ್ಲಿ, ತೆಂಗಿನ ಸಾಲುಗಳ ನಡುವೆ ಇರುವ ಅದೇ ಮೇವಿನ ಹುಲ್ಲು. ಆಫ್ರಿಕ ಅದರ ತವರು. ಅಲ್ಲಿ ಎಲ್ಲೆಲ್ಲೂ ಕಾಣುವುದು 32 ವರ್ಣತಂತುಗಳ, ಅಂದರೆ ನಾಲ್ಕು ಕಟ್ಟಿನ ಅಲೈಂಗಿಕ ಗಿಡಗಳು. ಒಳ್ಳೆಯ ಎರಡು ತಳಿ ಸಿಕ್ಕರೂ ಅವುಗಳನ್ನು ಕೂಡಿಸಿ ಮೂರನೆಯದನ್ನು ಪಡೆಯಲು ದಾರಿಯಿಲ್ಲ, ತಾಯಿಯಾಗಲು ಯಾವುದೂ ಒಪ್ಪುವುದಿಲ್ಲ. 1960ರ ದಶಕದಲ್ಲಿ ಫ್ರೆಂಚ್ ಸಂಶೋಧಕರು ಪೂರ್ವ ಆಫ್ರಿಕವನ್ನು ಜಾಲಾಡಿದಾಗ ಟಾಂಜಾನಿಯಾದ ಕೊರೊಗ್ವೆ ಬಳಿ 16 ವರ್ಣತಂತುಗಳ ಲೈಂಗಿಕ ಗಿನಿ ಹುಲ್ಲು ಸಿಕ್ಕಿತು. ತಾಯಿ ಸಿಕ್ಕಿತು, ಆದರೆ ಎಣಿಕೆ ಹೊಂದಲಿಲ್ಲ, 16ಕ್ಕೂ 32ಕ್ಕೂ ನಡುವೆ ಅದೇ ತಡೆ. ಆಗ ಅವರು ಮಾಡಿದ್ದು ಒಂದು ಉಪಾಯ. ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ ಲೈಂಗಿಕ ಗಿಡದ ವರ್ಣತಂತುಗಳನ್ನೇ ದುಪ್ಪಟ್ಟು ಮಾಡಿದರು. ಈಗ ಅದೂ 32. ಅಲೈಂಗಿಕ ಗಿಡದ ಪರಾಗ ಹಚ್ಚಿದರೆ ಬೀಜ ಕಟ್ಟಿತು. ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲೈಂಗಿಕ, ಅರ್ಧ ಅಲೈಂಗಿಕ. ಅಲೈಂಗಿಕವಾದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಂಡರೆ ಆಯಿತು, ಅದರ ಬೀಜ ಎಷ್ಟು ತಲೆಮಾರಾದರೂ ಕುಲಗೆಡುವುದಿಲ್ಲ. ಫ್ರೆಂಚರ ಈ ಸಂಗ್ರಹ 1980ರ ದಶಕದಲ್ಲಿ ಬ್ರೆಜಿಲ್‌ಗೆ ಹೋಯಿತು, ಅದರಿಂದ ಆರಿಸಿ ತೆಗೆದ ‘ಮೊಂಬಾಸಾ’ ತಳಿ ಇವತ್ತು ನಮ್ಮ ಮೇವಿನ ಬೀಜದ ಅಂಗಡಿಗಳಲ್ಲೂ ಸಿಗುತ್ತದೆ.

ಗಿನಿ ಹುಲ್ಲಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅದರ ಅಲೈಂಗಿಕ ಗಿಡಕ್ಕೆ ಭ್ರೂಣ ಕಟ್ಟಲು ಪರಾಗ ಬೇಡ, ಭ್ರೂಣಾಹಾರ ಕಟ್ಟಲು ಬೇಕು. ಹಾಗಾಗಿ ಅಲ್ಲಿ ಪರಾಗ ದಂಡವಲ್ಲ, ಕೆಲಸವಿದೆ. ಡ್ಯಾಂಡೆಲಿಯನ್‌ನಂತೆ ಪೂರ್ತಿ ಸ್ವತಂತ್ರವಾದವು ಅಲೈಂಗಿಕ ಗಿಡಗಳಲ್ಲೂ ಕಡಿಮೆಯೇ.

ಹಾಗಾದರೆ ಲೈಂಗಿಕ, ಅಲೈಂಗಿಕ ಎಂಬ ಈ ಎರಡು ಗುಂಪುಗಳನ್ನು ಒಂದೇ ಪ್ರಭೇದ ಎನ್ನುವುದು ಸರಿಯೇ? ತಮ್ಮೊಳಗೆ ಕೂಡಿ ಸಂತಾನ ಪಡೆಯುವ ಜೀವಿಗಳೆಲ್ಲ ಒಂದು ಪ್ರಭೇದ ಎಂದು ನಾವು ಕಲಿತದ್ದು. ಆ ಮಾತನ್ನು ಅಕ್ಷರಶಃ ಹಿಡಿದರೆ ಯಾರೊಂದಿಗೂ ಕೂಡದ ಅಲೈಂಗಿಕ ಗಿಡದ ಪ್ರತಿಯೊಂದು ವಂಶವೂ ಬೇರೆ ಪ್ರಭೇದವಾಗಬೇಕು. ಯುರೋಪಿನ ಕೆಲವು ಪಂಡಿತರು ಹಾಗೆಯೇ ಮಾಡಿ, ಎಲೆಯ ಕಚ್ಚು, ತೊಟ್ಟಿನ ಬಣ್ಣ ನೋಡಿ ಡ್ಯಾಂಡೆಲಿಯನ್ ಒಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕಿರುಪ್ರಭೇದಗಳಿಗೆ ಹೆಸರಿಟ್ಟಿದ್ದಾರೆ. ಅವರ ತಾಳ್ಮೆಗೆ ನಮಸ್ಕಾರ. ನನಗೆ ಮಾತ್ರ, ಪರಾಗ ಒಂದು ದಿಕ್ಕಿನಲ್ಲಾದರೂ ದಾಟುತ್ತಿರುವ ತನಕ ಒಂದೇ ಹೆಸರು ಸಾಕು ಅನ್ನಿಸುತ್ತದೆ. ಆ ಕಿರುಪ್ರಭೇದಗಳಲ್ಲಿ ಎಷ್ಟೋ ಹುಟ್ಟಿದ್ದು ಆ ದಾಟಿನಿಂದಲೇ.

ಹೀಗೆ ಪರಾಗದಲ್ಲಿ ದಾಟುವ ಜೀನುಗಳಲ್ಲಿ ಒಂದು ಯಾವುದೆಂದು 2022ರಲ್ಲಿ ತಿಳಿಯಿತು. ವಾನ್ ಡೈಕ್ ಅವರೂ ಇದ್ದ ತಂಡ ಡ್ಯಾಂಡೆಲಿಯನ್‌ನಲ್ಲಿ ಅಂಡವನ್ನು ತಾನಾಗಿ ಭ್ರೂಣವಾಗಿಸುವ ಜೀನನ್ನು ಪತ್ತೆಹಚ್ಚಿ ‘ಪಾರ್’ ಎಂದು ಹೆಸರಿಟ್ಟಿತು. ಲೈಂಗಿಕ ಗಿಡದಲ್ಲೂ ಆ ಜೀನ್ ಇದೆ, ಅಲ್ಲಿ ಅದು ಕೆಲಸ ಮಾಡುವುದು ಪರಾಗದಲ್ಲಿ. ಭ್ರೂಣ ಬೆಳೆಯಲಿ ಎಂಬ ಅಪ್ಪಣೆಯನ್ನು ಅಂಡಕ್ಕೆ ಹೊತ್ತು ತರುವುದು ತಂದೆಯ ಪಾಲಿನ ಕೆಲಸವಾಗಿರಬೇಕು ಎನ್ನುತ್ತಾರೆ ಸಂಶೋಧಕರು. ಅಲೈಂಗಿಕ ಗಿಡದಲ್ಲಿ ಅದರ ಮಗ್ಗುಲಿಗೆ ಡಿಎನ್‌ಎಯ ಒಂದು ಅಲೆಮಾರಿ ತುಣುಕು ಬಂದು ಕೂತಿದೆ, ಅದರಿಂದಾಗಿ ಜೀನ್ ಅಂಡದಲ್ಲೇ ಚಾಲೂ ಆಗುತ್ತದೆ. ಮೆಂಡೆಲ್ ಅವರನ್ನು ಕಾಡಿದ ಹೈರೇಸಿಯಮ್ ಬಳಗದಲ್ಲೂ ಅಂಥದ್ದೇ ತುಣುಕು ಅದೇ ಜೀನಿನ ಬಳಿ ಸಿಕ್ಕಿತು.

ಭತ್ತದಲ್ಲೂ ಇದೇ ಜಾಡು ಹಿಡಿದು ಕೆಲಸ ಸಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಇಮ್ತಿಯಾಜ್ ಖಾಂಡೆ, ವೆಂಕಟೇಶನ್ ಸುಂದರೇಶನ್ ಮತ್ತವರ ತಂಡ, ಸಾಮಾನ್ಯವಾಗಿ ತಂದೆಯ ಕಡೆಯಿಂದ ಬಂದು ಭ್ರೂಣ ಬೆಳೆಸುವ ಇನ್ನೊಂದು ಜೀನನ್ನು ಭತ್ತದ ಅಂಡದಲ್ಲೇ ಚಾಲೂ ಮಾಡಿ, ವರ್ಣತಂತುಗಳು ಅರ್ಧವಾಗದಂತೆ ತಡೆದು, ತಾಯಿಯ ತದ್ರೂಪಿ ಬೀಜ ಪಡೆದ ಸುದ್ದಿ 2018ರ ಕೊನೆಯಲ್ಲಿ ಬಂತು. ಆಗ ಮೂರನೇ ಒಂದು ಪಾಲು ಬೀಜವೂ ತದ್ರೂಪಿಯಾಗಿರಲಿಲ್ಲ, 2022ರ ಹೊತ್ತಿಗೆ ಪ್ರಮಾಣ ಶೇ 95 ದಾಟಿತು. ಹೈಬ್ರಿಡ್ ಭತ್ತದ ಬೀಜವನ್ನು ರೈತ ವರ್ಷವರ್ಷವೂ ಕೊಳ್ಳದೆ ತನ್ನ ಕಣಜದಿಂದಲೇ ಬಿತ್ತುವ ದಿನ ಬರಬಹುದು ಎಂಬುದು ಇದರ ಹಿಂದಿರುವ ಆಸೆ.

ಆ ಭತ್ತವೂ ಪರಾಗ ತಯಾರಿಸುತ್ತದೆ. ಭ್ರೂಣಾಹಾರಕ್ಕೆ ಅದು ಬೇಕು. ಅದರ ಪರಾಗದಲ್ಲೂ ವರ್ಣತಂತುಗಳು ಅರ್ಧವಾಗಿರುವುದಿಲ್ಲ, ಎರಡು ಕಟ್ಟು ಇಡಿಯಾಗಿಯೇ ಇರುತ್ತವೆ. ತನ್ನದೇ ಹೂವಿನಲ್ಲಿ ತಾಯಿಯ ಪಾಲೂ ದುಪ್ಪಟ್ಟಾಗಿರುವುದರಿಂದ ಎರಡಕ್ಕೊಂದರ ಕಟ್ಟಳೆ ಕೆಡುವುದಿಲ್ಲ. ಅದೇ ಪರಾಗ ಪಕ್ಕದ ಗದ್ದೆಯ ಮಾಮೂಲಿ ಭತ್ತಕ್ಕೋ ಕಾಡುಭತ್ತಕ್ಕೋ ಬಿದ್ದರೆ ಕಟ್ಟಳೆ ತಪ್ಪಿ ಕಾಳು ಜೊಳ್ಳಾಗುತ್ತದೆ, ಲೆಕ್ಕದ ಪ್ರಕಾರ. ಭತ್ತ ಬಹುಮಟ್ಟಿಗೆ ಸ್ವಂತ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯಾದ್ದರಿಂದ ನೆರೆಯವರ ನಷ್ಟ ಸಣ್ಣದಿರಬಹುದು. ಆದರೆ ಡ್ಯಾಂಡೆಲಿಯನ್‌ನಲ್ಲೂ ಲೆಕ್ಕ ಅದೇ ಇತ್ತು, ನೂರಾರು ಸಲ ತಪ್ಪಿದ ಗುರಿ ಒಮ್ಮೊಮ್ಮೆ ತಗುಲಿತು. ಹೊಸ ಭತ್ತವನ್ನು ಗದ್ದೆಗೆ ಇಳಿಸುವ ಮೊದಲು ಅಳೆದು ನೋಡಬೇಕಾದದ್ದು ಅದರ ಇಳುವರಿಯನ್ನಷ್ಟೇ ಅಲ್ಲ, ಬದುವಿನಾಚೆಯ ಗಿಡಗಳಲ್ಲಿ ಕಟ್ಟಿದ ಕಾಳನ್ನೂ.